ತಿಂಗಳಿಗೊಂದು ಬೇತಾಳ

ನನ್ನ ಬಳಿ 200 ಪುಟದ ಒಂದು ನೋಟ್‌ಬುಕ್ ಇದೆ. ಎಡಪುಟದಲ್ಲಿ ಆ ತಿಂಗಳು ಕೊಂಡ ಪುಸ್ತಕಗಳ ಹೆಸರು, ಬಲಪುಟದಲ್ಲಿ ಓದಿ ಮುಗಿಸಿದವುಗಳ ಹೆಸರು. ಎಂಟು ವರ್ಷದಿಂದ ಬರೆಯುತ್ತ ಬಂದಿದ್ದೇನೆ. ಎಡಪುಟ ತುಂಬಿ ಅಂಚಿಗೆ ಬಂದಿರುತ್ತದೆ. ಬಲಪುಟದಲ್ಲಿ ಮಗಳು ಮನೆ, ಮರ, ಸೂರ್ಯ ಎಲ್ಲವನ್ನೂ ಬರೆಯುವಷ್ಟು ಜಾಗ ಉಳಿದಿರುತ್ತದೆ, ಬರೆದೂ ಇದ್ದಾಳೆ. ಕಳೆದ ಮೇ ತಿಂಗಳ ಲೆಕ್ಕ: ಕೊಂಡದ್ದು 11, ಓದಿದ್ದು 3. ಹೆಚ್ಚುಕಡಿಮೆ ಎಲ್ಲವೂ ಫ್ಯಾಂಟಸಿ. ಡ್ರ್ಯಾಗನ್ನು, ಮಾಟಗಾರ, ಶಾಪಗ್ರಸ್ತ ಕೋಟೆ, ನಕಾಶೆಯಲ್ಲಿಲ್ಲದ ದೇಶ.

ಜೂನ್ ಮೊದಲ ವಾರ ಮಗಳ ಶಾಲೆಯ ಫೀಸು ಕಟ್ಟಲು ಹೋದಾಗ ಖಾತೆಯಲ್ಲಿ ಆರು ಸಾವಿರ ರೂಪಾಯಿ ಕಡಿಮೆ ಬಿತ್ತು. ಅದು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಪಾರ್ಸೆಲ್ಲುಗಳು ಮನೆಗೆ ಬಂದರೆ ಕಣ್ಣಿಗೆ ಬೀಳುತ್ತವೆಂದು ಆಫೀಸಿನ ವಿಳಾಸ ಕೊಟ್ಟಿದ್ದೆ. ಹೆಂಡತಿ ಜಗಳವಾಡಲಿಲ್ಲ. ತನ್ನ ಚೀಟಿ ದುಡ್ಡಿನಿಂದ ಫೀಸು ಕಟ್ಟಿದಳು. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು: "ಓದೋಕೆ ಆಗಲ್ಲ ಅಂತ ಗೊತ್ತಿದ್ದೂ ಯಾಕ್ರೀ ತಗೋತೀರಾ?"

ಅವಳಿಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಆಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿದೆ. ಅದು ನನ್ನನ್ನು ಮೊದಲು 1998ಕ್ಕೆ ಕರೆದೊಯ್ದಿತು. ಅಲ್ಲಿಂದ ಇನ್ನೂ ಹಿಂದಕ್ಕೆ.

ಆಗ ನಾವು ಅರಸೀಕೆರೆಯಲ್ಲಿದ್ದೆವು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಬಳ ಬಂದ ದಿನ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೋಗುತ್ತಿದ್ದರು. ಅಲ್ಲಿ ಹಗ್ಗಕ್ಕೆ ನೇತುಹಾಕಿದ ಪತ್ರಿಕೆಗಳ ನಡುವೆ 'ಚಂದಮಾಮ' ಇರುತ್ತಿತ್ತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಅದು. 1949ರಲ್ಲಿ ಕನ್ನಡಕ್ಕೂ ಬಂತು. ನಮ್ಮ ಊರುಗಳಲ್ಲಿ 'ಫ್ಯಾಂಟಸಿ' ಎಂಬ ಪದ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಚಂದಮಾಮ ಪ್ರತಿ ತಿಂಗಳೂ ಅದನ್ನು ಮನೆಮನೆಗೆ ಹಂಚುತ್ತಿತ್ತು. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಮಾಂತ್ರಿಕರ, ರಾಕ್ಷಸರ ಧಾರಾವಾಹಿಗಳು ಅನುವಾದವಾಗಿ ಬರುತ್ತಿದ್ದವು. ಚಿತ್ರ ಎಂಬ ಹೆಸರಿನ ಕಲಾವಿದರು, ಶಂಕರ್, ವಡ್ಡಾದಿ ಪಾಪಯ್ಯ ಇವರೆಲ್ಲ ಬಿಡಿಸಿದ ಚಿತ್ರಗಳಿರುತ್ತಿದ್ದವು.

ಎಲ್ಲಕ್ಕಿಂತ ಮೊದಲು ನಾನು ತೆರೆಯುತ್ತಿದ್ದದ್ದು ಬೇತಾಳನ ಪುಟ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸ್ಮಶಾನದ ದಾರಿಯಲ್ಲಿ ನಡೆಯುವ ರಾಜ. ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತಾನೆ, ರಾಜ ಮೌನ ಮುರಿಯುತ್ತಾನೆ, ಬೇತಾಳ ಹಾರಿ ಮತ್ತೆ ಮರ ಸೇರುತ್ತಾನೆ. ಸಂಸ್ಕೃತದ ಬೇತಾಳ ಪಂಚವಿಂಶತಿಯಲ್ಲಿ ಇರುವುದು ಹೆಸರೇ ಹೇಳುವಂತೆ 25 ಕತೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಅಲ್ಲಿಗೆ ಅವನ ಓಡಾಟ ಮುಗಿಯುತ್ತದೆ. ಚಂದಮಾಮದವರು ಅದನ್ನು ಮುಗಿಯಲು ಬಿಡಲಿಲ್ಲ. ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕತೆ ಕೂರಿಸುತ್ತ ದಶಕಗಟ್ಟಲೆ ನಡೆಸಿದರು. ಮಾಸಪತ್ರಿಕೆಗೆ ಅದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ತಿಂಗಳಿಗೊಮ್ಮೆ ರಾಜ ಮರದ ಹತ್ತಿರ ಹೋಗುತ್ತಿದ್ದ, ತಿಂಗಳಿಗೊಮ್ಮೆ ನಾವು ಅಂಗಡಿಗೆ ಹೋಗುತ್ತಿದ್ದೆವು.

1998ರಲ್ಲಿ ಒಂದು ತಿಂಗಳು ಅಂಗಡಿಯವರು ತಲೆಯಾಡಿಸಿದರು. "ಬಂದಿಲ್ಲ ಮೇಷ್ಟ್ರೇ, ಬಂದ್ರೆ ತೆಗೆದಿಟ್ಟಿರ್ತೀನಿ." ಮುಂದಿನ ತಿಂಗಳೂ ಅದೇ ಮಾತು. ಅದರ ಮುಂದಿನ ತಿಂಗಳು ನಾವು ಸೈಕಲ್ ನಿಲ್ಲಿಸುವ ಮೊದಲೇ ಅವರು ದೂರದಿಂದಲೇ ಕೈ ಆಡಿಸಿದರು. ಪತ್ರಿಕೆ ನಿಂತಿದೆ ಎಂದು ಹತ್ತು ವರ್ಷದ ಹುಡುಗನಿಗೆ ಅರ್ಥ ಮಾಡಿಸುವುದು ಹೇಗೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಸುಮಾರು ಒಂದು ವರ್ಷದ ಮೇಲೆ ಚಂದಮಾಮ ಮತ್ತೆ ಬಂತು. ಅಷ್ಟರಲ್ಲಿ ಅಪ್ಪನಿಗೆ ವರ್ಗವಾಗಿತ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹಳೆಯ ಸಂಚಿಕೆಗಳೆಲ್ಲ ತೂಕಕ್ಕೆ ರದ್ದಿಯವನ ಪಾಲಾಗಿದ್ದವು. ಕತೆ ಯಾವಾಗ ಬೇಕಾದರೂ ನಿಂತುಹೋಗಬಹುದು, ಇದ್ದದ್ದೂ ಕೈಬಿಟ್ಟು ಹೋಗಬಹುದು ಎಂದು ನಾನು ಕಲಿತದ್ದು ಆ ವರ್ಷ.

ಕೆಲಸಕ್ಕೆಂದು ಬೆಂಗಳೂರಿಗೆ ಬಂದಮೇಲೆ ತಿಂಗಳ ಮೊದಲ ಭಾನುವಾರ ಅವೆನ್ಯೂ ರಸ್ತೆಗೋ ಚರ್ಚ್ ಸ್ಟ್ರೀಟಿಗೋ ಹೋಗುವುದು ವ್ರತವಾಯಿತು. ಸಂಬಳದ ದಿನ, ಪುಸ್ತಕದಂಗಡಿ: ಅಪ್ಪನ ಪದ್ಧತಿಯೇ. ಓದುವುದು ಮಾತ್ರ ಇಂಗ್ಲಿಷ್ ಫ್ಯಾಂಟಸಿಗೆ ತಿರುಗಿತ್ತು. ಅಲ್ಲೊಂದು ದಿನ ಹಳೇ ಪುಸ್ತಕದ ರಾಶಿಯಲ್ಲಿ ಹಳದಿಗಟ್ಟಿದ ಪೇಪರ್‌ಬ್ಯಾಕ್ ಸಿಕ್ಕಿತು. ಹೊದಿಕೆಯ ಮೇಲೆ ಒಂಟಿಕೊಂಬಿನ ಕುದುರೆಯ ತಲೆಯ ಪುಟ್ಟ ಮುದ್ರೆ. 'ದಿ ಐಲೆಂಡ್ ಆಫ್ ದಿ ಮೈಟಿ', ಬರೆದವರು ಇವಾಂಜೆಲಿನ್ ವಾಲ್ಟನ್. ಕೊಂಡು ತಂದು ಆರು ವರ್ಷ ಮುಟ್ಟದೆ ಇಟ್ಟೆ. ಆಮೇಲೆ ಆ ಮುದ್ರೆಯ ಹಿಂದಿನ ಕತೆ ತಿಳಿದಾಗ, ಸಮುದ್ರದಾಚೆಯ ಓದುಗರೂ ನನ್ನಂತೆಯೇ ಅಂಗಡಿಯ ಮುಂದೆ ನಿಂತು ಬರಿಗೈಯಲ್ಲಿ ವಾಪಸಾದವರೆಂದು ಗೊತ್ತಾಯಿತು.

ಅಮೆರಿಕದಲ್ಲೂ ಫ್ಯಾಂಟಸಿ ಬೆಳೆದದ್ದು ಮಾಸಪತ್ರಿಕೆಗಳ ಅಗ್ಗದ ಕಾಗದದ ಮೇಲೆ. 1923ರ ಮಾರ್ಚ್‌ನಲ್ಲಿ ಶಿಕಾಗೋದಿಂದ 'ವಿಯರ್ಡ್ ಟೇಲ್ಸ್' ಹೊರಟಿತು. 25 ಸೆಂಟಿನ ಪತ್ರಿಕೆ. ಎಚ್.ಪಿ. ಲವ್‌ಕ್ರಾಫ್ಟ್, ಕೋನನ್ ಎಂಬ ವೀರನನ್ನು ಸೃಷ್ಟಿಸಿದ ರಾಬರ್ಟ್ ಇ. ಹೊವಾರ್ಡ್, ಇಬ್ಬರೂ ಅದರಲ್ಲಿ ಬರೆದರು. ಅಂಥ ಪತ್ರಿಕೆಗಳನ್ನು ಓದಿ ಎಸೆಯುವುದೇ ರೂಢಿ. ಹೊವಾರ್ಡ್ 1936ರಲ್ಲಿ ಸತ್ತ, ಲವ್‌ಕ್ರಾಫ್ಟ್ ಮರುವರ್ಷ. ಅವರ ಕತೆಗಳು ಹಳೇ ಸಂಚಿಕೆಗಳ ಜೊತೆಯಲ್ಲೇ ಮಣ್ಣುಗೂಡಬೇಕಿತ್ತು. 1939ರಲ್ಲಿ ಶುರುವಾದ 'ಅನ್‌ನೋನ್' ಎಂಬ ಇನ್ನೊಂದು ಒಳ್ಳೆಯ ಪತ್ರಿಕೆ ಯುದ್ಧಕಾಲದ ಕಾಗದದ ಅಭಾವಕ್ಕೆ ಸಿಕ್ಕಿ 1943ರಲ್ಲಿ ನಿಂತಿತು. 'ವಿಯರ್ಡ್ ಟೇಲ್ಸ್' ಕೂಡ 1954ರಲ್ಲಿ ಬಾಗಿಲು ಹಾಕಿತು.

ಲವ್‌ಕ್ರಾಫ್ಟ್‌ನ ಕತೆಗಳನ್ನು ಉಳಿಸಿದವರು ಅವನ ಓದುಗರಿಬ್ಬರು. ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೇ ಅವನ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡವರು. ಅವನ ಕತೆಗಳನ್ನು ಹೊತ್ತು ಪ್ರಕಾಶಕರ ಬಳಿ ಹೋದರು, ಆಗಲಿಲ್ಲ. ಕೊನೆಗೆ 1939ರಲ್ಲಿ ತಾವೇ 'ಆರ್ಕಮ್ ಹೌಸ್' ಎಂಬ ಪ್ರಕಾಶನ ಕಟ್ಟಿ ದಪ್ಪನೆಯ ಒಂದು ಸಂಪುಟ ತಂದರು. ಮುದ್ರಿಸಿದ್ದು 1268 ಪ್ರತಿ. ಅಷ್ಟು ಖರ್ಚಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು.

ಒಂಟಿಕೊಂಬಿನ ಕುದುರೆ ಬಂದದ್ದು ಟೋಲ್ಕಿನ್ನನ ಬೆನ್ನಿಗೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಲಂಡನ್ನಿನಲ್ಲಿ ಮೂರು ದುಬಾರಿ ಸಂಪುಟಗಳಾಗಿ ಬಂದಿತ್ತು. 1965ರಲ್ಲಿ ಅಮೆರಿಕದ ಒಬ್ಬ ಪ್ರಕಾಶಕರು ಟೋಲ್ಕಿನ್ನನ ಒಪ್ಪಿಗೆಯಿಲ್ಲದೆ 75 ಸೆಂಟಿನ ಪೇಪರ್‌ಬ್ಯಾಕ್ ತಂದರು. ಅದಕ್ಕೆ ಎದುರಾಗಿ ಬ್ಯಾಲಂಟೈನ್ ಸಂಸ್ಥೆ ಅಧಿಕೃತ ಆವೃತ್ತಿಯನ್ನು 95 ಸೆಂಟಿಗೆ ಬಿಟ್ಟಿತು. ಕಾಲೇಜು ಹುಡುಗರು ಮುಗಿಬಿದ್ದರು. ಓದಿ ಮುಗಿಸಿದವರು ಇಂಥದ್ದು ಇನ್ನೇನಿದೆ ಎಂದು ಕೇಳತೊಡಗಿದರು. ಆಗ ಬ್ಯಾಲಂಟೈನ್ ದಂಪತಿ ಲಿನ್ ಕಾರ್ಟರ್ ಎಂಬ ಲೇಖಕನನ್ನು ಕರೆದು, ಮರೆತುಹೋದ ಹಳೆಯ ಫ್ಯಾಂಟಸಿಗಳನ್ನು ಹುಡುಕುವ ಕೆಲಸ ಕೊಟ್ಟರು. 1969ರಿಂದ 1974ರವರೆಗೆ ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಸುಮಾರು 65 ಪುಸ್ತಕ ಬಂದವು. ವಿಲಿಯಂ ಮಾರಿಸ್, ಲಾರ್ಡ್ ಡನ್ಸೇನಿಯಂಥ ಹಳಬರೆಲ್ಲ ಹೊಸ ಹೊದಿಕೆ ತೊಟ್ಟು ಅಂಗಡಿಗೆ ಬಂದರು.

ಅವುಗಳಲ್ಲೊಂದು ನನ್ನ ಕೈಗೆ ಸಿಕ್ಕ ವಾಲ್ಟನ್ ಪುಸ್ತಕ. ವೇಲ್ಸ್ ದೇಶದ ಪ್ರಾಚೀನ ಕಥಾಸಂಗ್ರಹ 'ಮಾಬಿನೋಗಿ'ಯ ನಾಲ್ಕನೆಯ ಭಾಗವನ್ನು ಆಧರಿಸಿದ ಆ ಕಾದಂಬರಿ 1936ರಲ್ಲಿ ಬೇರೆ ಹೆಸರಿನಲ್ಲಿ ಬಂದು, ಮಾರಾಟವಾಗದೆ ಮೂಲೆ ಸೇರಿತ್ತು. 1970ರಲ್ಲಿ ಮತ್ತೆ ಅಚ್ಚಾಯಿತು. ಲೇಖಕಿ ಇನ್ನೂ ಬದುಕಿದ್ದಾರೆ ಎಂಬುದೇ ಪ್ರಕಾಶಕರಿಗೆ ತಡವಾಗಿ ತಿಳಿದ ಸಂಗತಿ. 1907ರಲ್ಲಿ ಹುಟ್ಟಿದ ವಾಲ್ಟನ್ ಅರಿಜೋನಾದಲ್ಲಿದ್ದರು. ಉಳಿದ ಭಾಗಗಳನ್ನು ಆಧರಿಸಿ ಬರೆದದ್ದು ಅವರ ಬಳಿಯೇ ಕೂತಿತ್ತು. ಮೊದಲನೆಯದನ್ನೇ ಯಾರೂ ಓದದಿದ್ದಾಗ ಮುಂದಿನದನ್ನು ಕೇಳುವವರಾದರೂ ಯಾರು? 1971ರಿಂದ 1974ರೊಳಗೆ ಉಳಿದ ಮೂರೂ ಪುಸ್ತಕಗಳು ಬಂದವು. 63 ದಾಟಿದ ಹೆಂಗಸಿಗೆ ಹೊಸದಾಗಿ ಓದುಗರು ಹುಟ್ಟಿದರು. ಅಷ್ಟರಲ್ಲಿ ಬ್ಯಾಲಂಟೈನ್ ಸಂಸ್ಥೆ ಮತ್ತೊಂದು ದೊಡ್ಡ ಸಂಸ್ಥೆಯ ಕೈಸೇರಿತ್ತು. 1974ರಲ್ಲಿ ಒಂಟಿಕೊಂಬಿನ ಮಾಲೆಯೂ ನಿಂತಿತು.

ಇದನ್ನೆಲ್ಲ ತಿಳಿದಾಗ ನನಗೊಂದು ಸಮಾಧಾನ ಸಿಕ್ಕಿತ್ತು. ನೋಡಿ, ಫ್ಯಾಂಟಸಿ ಓದುಗರ ಚರಿತ್ರೆಯೆಂದರೆ ಅರ್ಧಕ್ಕೆ ನಿಂತವುಗಳ ಚರಿತ್ರೆ. ರಾಬರ್ಟ್ ಜೋರ್ಡನ್ ತನ್ನ 'ವೀಲ್ ಆಫ್ ಟೈಮ್' ಮಾಲೆ ಮುಗಿಸದೆ 2007ರಲ್ಲಿ ತೀರಿಕೊಂಡ; ಬ್ರಾಂಡನ್ ಸ್ಯಾಂಡರ್ಸನ್ ಅದನ್ನು ಮುಗಿಸುವ ಹೊತ್ತಿಗೆ 2013. ಹೀಗಿರುವಾಗ ಸಿಕ್ಕಿದಾಗಲೇ ಕೊಂಡಿಟ್ಟುಕೊಳ್ಳುವುದು ಚಟವಲ್ಲ, ಜಾಣತನ. ಹೆಂಡತಿಗೆ ಹೇಳಬೇಕೆಂದುಕೊಂಡ ಉತ್ತರ ಇದೇ. ಹೇಳುವ ಮೊದಲು ನಮ್ಮ ಬೇತಾಳನ ಮೂಲ ಹುಡುಕೋಣವೆಂದು ಕೂತೆ. ಅಲ್ಲಿ ನನ್ನ ವಾದ ಮಗುಚಿಕೊಂಡಿತು.

ಬೇತಾಳನ ಕತೆಗಳು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ 'ಕಥಾಸರಿತ್ಸಾಗರ'ದಲ್ಲಿವೆ. ಅದರ ಮೂಲ ಗುಣಾಢ್ಯನ 'ಬೃಹತ್ಕಥೆ' ಎಂದು ಸೋಮದೇವನೇ ಹೇಳುತ್ತಾನೆ. ಪೈಶಾಚೀ ಭಾಷೆಯ ಆ ಗ್ರಂಥ ಇಂದು ಉಳಿದಿಲ್ಲ. ನಮಗೂ ಅದಕ್ಕೂ ಹಳೆಯ ನಂಟಿದೆ. ಗಂಗ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಆ ಅನುವಾದವೂ ಉಳಿದಿಲ್ಲ. ದುರ್ಗಸಿಂಹ ತನ್ನ ಕನ್ನಡ 'ಪಂಚತಂತ್ರ'ದ ಬೇರನ್ನು ಗುಣಾಢ್ಯನವರೆಗೆ ಒಯ್ಯುತ್ತಾನೆ.

ಬೃಹತ್ಕಥೆ ಹೇಗೆ ಹೋಯಿತೆಂಬುದಕ್ಕೆ ಸೋಮದೇವ ಒಂದು ಕತೆ ಹೇಳುತ್ತಾನೆ. ಗುಣಾಢ್ಯ ಏಳು ಲಕ್ಷ ಶ್ಲೋಕಗಳನ್ನು ತನ್ನ ರಕ್ತದಲ್ಲಿ ಬರೆದು ಸಾತವಾಹನ ರಾಜನಿಗೆ ಕಳಿಸಿದ. ಪಿಶಾಚಿಗಳ ಭಾಷೆಯೆಂದು ರಾಜ ತಳ್ಳಿಹಾಕಿದ. ನೊಂದ ಕವಿ ಕಾಡಿನಲ್ಲಿ ಬೆಂಕಿ ಹಾಕಿಕೊಂಡು, ಒಂದೊಂದೇ ಓಲೆ ಓದುತ್ತ ಸುಡುತ್ತ ಕೂತ. ಪ್ರಾಣಿಗಳು ಮೇವು ಬಿಟ್ಟು ಸುತ್ತ ನಿಂತು ಕಣ್ಣೀರು ಸುರಿಸುತ್ತ ಕೇಳಿದವು. ಬಡಕಲು ಪ್ರಾಣಿಗಳ ಒಣ ಮಾಂಸ ತಿಂದು ರಾಜನಿಗೆ ಕಾಯಿಲೆಯಾಯಿತು. ಕಾರಣ ತಿಳಿದು ಓಡಿಬಂದಾಗ ಆರು ಲಕ್ಷ ಶ್ಲೋಕ ಬೂದಿಯಾಗಿದ್ದವು. ಒಂದು ಲಕ್ಷ ಉಳಿದಿತ್ತು.

ಯಾಕೆ ಆ ಒಂದು ಲಕ್ಷ? ಇಷ್ಟು ವರ್ಷ ಈ ಕತೆ ಕೇಳಿದ್ದರೂ ನಾನು ಇದನ್ನು ಗಮನಿಸಿರಲಿಲ್ಲ. ನರವಾಹನದತ್ತನ ಕತೆಯಿದ್ದ ಆ ಭಾಗ ಶಿಷ್ಯರಿಗೆ ಬಹಳ ಇಷ್ಟ ಎಂದು ಗುಣಾಢ್ಯ ಅದನ್ನು ಬೆಂಕಿಗೆ ಹಾಕದೆ ಬೇರೆ ಇಟ್ಟಿದ್ದ. ಶಿಷ್ಯರು ಅದನ್ನು ಇಷ್ಟಪಟ್ಟು ಕೇಳಿದ್ದರಿಂದ ಅದು ಉಳಿಯಿತು.

ಡರ್ಲೆತ್, ವಾಂಡ್ರೇ ಕೂಡ ಹಾಗೆಯೇ. ಹಳೇ ಸಂಚಿಕೆಗಳನ್ನು ಕಟ್ಟಿಟ್ಟುಕೊಂಡವರು ಸಾವಿರ ಮಂದಿ ಇದ್ದಿರಬಹುದು. ಲವ್‌ಕ್ರಾಫ್ಟ್ ಉಳಿದದ್ದು ಅವನನ್ನು ಓದಿ, ಆ ಮಾತನ್ನು ಇನ್ನೊಬ್ಬರಿಗೆ ದಾಟಿಸಿದ ಇಬ್ಬರಿಂದ. ವಾಲ್ಟನ್ ಉಳಿದದ್ದು ಲಿನ್ ಕಾರ್ಟರ್‌ನ ಮಾಲೆಯಲ್ಲಿ ಅವರನ್ನು ಹೊಸಬರು ಓದಿದ್ದರಿಂದ. ನಾನು ಅವರ ಪುಸ್ತಕವನ್ನು ಆರು ವರ್ಷ ಕಪಾಟಿನಲ್ಲಿ ಇಟ್ಟೆನಲ್ಲ, ಆ ಆರು ವರ್ಷ ಅದು 1936ರ ಗೋದಾಮಿನಲ್ಲಿದ್ದಂತೆಯೇ ಇತ್ತು. ನಿಂತುಹೋಗುವ ಭಯ ಸುಳ್ಳಲ್ಲ. ಅದಕ್ಕೆ ಔಷಧಿಯೆಂದು ನಾನು ಪ್ರತಿ ತಿಂಗಳು ಕೊಳ್ಳುತ್ತಿದ್ದದ್ದು ಸುಳ್ಳು.

ಚಂದಮಾಮ ಎರಡನೇ ಸಲ ನಿಂತು ಈಗ ಹತ್ತು ವರ್ಷದ ಮೇಲಾಯಿತು. ಅದು ನಿಂತ ಸುದ್ದಿ ಕೇಳಿದ್ದೇ ಅವೆನ್ಯೂ ರಸ್ತೆಗೆ ಓಡಿ, ಹಳೇ ಸಂಚಿಕೆಗಳ ಒಂದು ಕಟ್ಟು ತಂದಿದ್ದೆ. ಸುತಲಿ ಬಿಚ್ಚದೆ ಅಟ್ಟದ ಮೇಲಿಟ್ಟಿದ್ದೆ. ಅಪ್ಪ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಈಗ ನಮ್ಮ ಜೊತೆಗಿದ್ದಾರೆ. ಜುಲೈನಲ್ಲಿ ಒಂದು ಸಂಜೆ ಆಫೀಸಿನಿಂದ ಬಂದಾಗ ಆ ಕಟ್ಟು ಹಾಲಿನಲ್ಲಿ ಬಿಚ್ಚಿಕೊಂಡಿತ್ತು. ಅಪ್ಪ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. ಮಗಳು ಅವರ ತೊಡೆಗೆ ಒರಗಿ ಕೇಳುತ್ತಿದ್ದಳು.

ಬೇತಾಳ ಮರಕ್ಕೆ ಹಾರಿದ. "ಆಮೇಲೇನಾಯ್ತು ತಾತ?" ಎಂದಳು.

"ನಾಳೆ" ಎಂದರು ಅಪ್ಪ. ಅವರು ನನಗೆ ಹೇಳುತ್ತಿದ್ದದ್ದು, ಮುಂದಿನ ತಿಂಗಳು ಎಂದು.

ಹೆಂಡತಿಗೆ ಆವತ್ತು ರಾತ್ರಿ ಉತ್ತರ ಹೇಳಿದೆ. ಭಯಕ್ಕೆ ಕೊಳ್ಳುತ್ತಿದ್ದೆ, ಇನ್ನು ಹಳೆಯದೊಂದನ್ನು ಓದಿದ ಮೇಲೇ ಹೊಸದೊಂದು ಎಂದೆ. "ನೋಡೋಣ" ಎಂದಳು. ಜುಲೈ ತಿಂಗಳ ಎಡಪುಟದಲ್ಲಿ ಎರಡು ಹೆಸರಿವೆ. ಪೂರ್ತಿ ಗೆದ್ದೆನೆಂದು ಹೇಳಲಾರೆ. ಆ ಕಟ್ಟಿನಲ್ಲಿದ್ದ 14 ಚಂದಮಾಮಗಳನ್ನು ಮಾತ್ರ ಬಲಪುಟದಲ್ಲಿ ಬರೆದುಕೊಂಡೆ. ಅವನ್ನು ಓದಿದವನು ನಾನಲ್ಲ. ಆದರೂ ಬರೆದೆ.