ಕೋಡ್ ಉದಾಹರಣೆಯಲ್ಲಿ ಯಾವ ವಿಳಾಸ, ಯಾವ ನಂಬರ್ ಹಾಕಬೇಕು?

ತಾಂತ್ರಿಕ ಕೈಪಿಡಿಗೆ ಮಾದರಿ ಕೋಡ್ ಬರೆಯುವಾಗ ತೋಚಿದ ವೆಬ್ ವಿಳಾಸ, ಬಾಯಿಗೆ ಬಂದ ಮೊಬೈಲ್ ನಂಬರ್ ಹಾಕಿಬಿಡುವವರು ಹಲವರು. ಆದರೆ ಅದು ನಿಜವಾಗಿಯೂ ಯಾರದ್ದೋ ಆಗಿರಬಹುದು. ಓದಿದವರು ಕೋಡನ್ನು ಹಾಗೆಯೇ ಕಾಪಿ ಮಾಡಿ ರನ್ ಮಾಡಿದರೆ ಮಾಹಿತಿ ಅಪರಿಚಿತರ ಸರ್ವರ್‌ಗೆ ಹೋಗುತ್ತದೆ.

1.1.1.1 ಎಂಬ ಐಪಿ ವಿಳಾಸವನ್ನೇ ನೋಡಿ. ನೆನಪಿಡಲು ಸುಲಭವೆಂದು ಎಷ್ಟೋ ಕಡೆ ಇದನ್ನು ಸುಮ್ಮನೆ ಬಳಸಲಾಗಿತ್ತು. 2018ರಲ್ಲಿ ಕ್ಲೌಡ್‌ಫ್ಲೇರ್ ಇದೇ ವಿಳಾಸದಲ್ಲಿ ಡಿಎನ್‌ಎಸ್ ಸೇವೆ ಆರಂಭಿಸಿದಾಗ ಬೇಡದ ಟ್ರಾಫಿಕ್ ರಾಶಿ ರಾಶಿಯಾಗಿ ಬಂತು. ಕೆಲವು ನೆಟ್‌ವರ್ಕ್‌ಗಳ ಉಪಕರಣಗಳು ಈ ವಿಳಾಸವನ್ನು ತಮ್ಮದೇ ಎಂಬಂತೆ ಬಳಸುತ್ತಿದ್ದುದರಿಂದ ಅಲ್ಲಿನವರಿಗೆ ಸೇವೆಯೇ ಸಿಗಲಿಲ್ಲ.

ಇಂಥ ಗೊಂದಲ ಬೇಡವೆಂದೇ ಕೆಲವನ್ನು ಮೀಸಲಿಡಲಾಗಿದೆ. 1999ರ ಆರ್‌ಎಫ್‌ಸಿ 2606 ಪ್ರಕಾರ ಎಕ್ಸಾಂಪಲ್ ಡಾಟ್ ಕಾಮ್, ಎಕ್ಸಾಂಪಲ್ ಡಾಟ್ ನೆಟ್, ಎಕ್ಸಾಂಪಲ್ ಡಾಟ್ ಆರ್ಗ್ ಉದಾಹರಣೆಗಷ್ಟೇ ಮೀಸಲು. ಐಪಿ ವಿಳಾಸ ಬೇಕಿದ್ದರೆ 192.0.2, 198.51.100 ಅಥವಾ 203.0.113ರಿಂದ ಆರಂಭವಾಗುವುದನ್ನು ಬಳಸಿ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಹಾಗಾಗಿ ಮಾದರಿಗೆ 0ಯಿಂದ ಆರಂಭಿಸಿದರೆ ಅದು ಯಾರ ಸಂಖ್ಯೆಯೂ ಆಗದು. ಮೊಬೈಲ್ ನಂಬರ್‌ಗೆ ಅಂಕಿಗಳ ಬದಲು ಎಕ್ಸ್ ಅಕ್ಷರ ಸಾಕು.

ಹೆಚ್ಚು ಅಪಾಯ ಇರುವುದು ಪಾಸ್‌ವರ್ಡ್ ಮತ್ತು ಎಪಿಐ ಕೀಗಳಲ್ಲಿ. ಪರೀಕ್ಷೆಗೆಂದು ಹಾಕಿದ ಅಸಲಿ ಕೀ ಕೈಪಿಡಿಯಲ್ಲೇ ಉಳಿದುಬಿಡುತ್ತದೆ. ಮೊದಲಿನಿಂದಲೇ ‘ನಿಮ್ಮ_ಕೀ_ಇಲ್ಲಿ’ ಎಂದು ಬರೆಯಿರಿ. ಗಿಟ್‌ಗೆ ಒಮ್ಮೆ ಸೇರಿದ ಕೀಯನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಇರುತ್ತದೆ. ಆಗ ಕೀಯನ್ನೇ ರದ್ದು ಮಾಡಿ ಹೊಸದನ್ನು ಪಡೆಯಬೇಕು.