ಮಳೆಗಾಲಕ್ಕೆ ಬಯಲುಸೀಮೆ

ಅಮೆರಿಕದ ಅರಿಜೋನಾ ಎಂಬ ಮರುಭೂಮಿಯ ರಾಜ್ಯಕ್ಕೆ ಪ್ರತಿ ಚಳಿಗಾಲದಲ್ಲೂ ಉತ್ತರದ ರಾಜ್ಯಗಳಿಂದ, ಕೆನಡಾದಿಂದ ನಿವೃತ್ತ ದಂಪತಿಗಳು ಸಾಲುಸಾಲಾಗಿ ಬಂದಿಳಿಯುತ್ತಾರೆ. ನಾಲ್ಕೈದು ತಿಂಗಳು ಬಿಸಿಲು ಕಾಯಿಸಿಕೊಂಡು, ತಮ್ಮ ಊರಿನ ಹಿಮ ಕರಗಿದ ಮೇಲೆ ಮರಳುತ್ತಾರೆ. ಚಳಿಗೆ ವಲಸೆ ಹೋಗುವ ಹಕ್ಕಿಯ ನೆನಪಿನಿಂದ ಅಂಥವರಿಗೆ ಅಲ್ಲಿ ‘ಸ್ನೋಬರ್ಡ್’ ಎಂಬ ಹೆಸರು ಬಿದ್ದಿದೆ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಈ ಸಂಗತಿ ತಿಳಿಸಿ, “ನಮ್ಮ ಕಡೆ ಇಂಥ ಪದ್ಧತಿ ಇಲ್ಲ, ಅಲ್ಲವೇ ಸರ್?” ಎಂದು ಕೇಳಿದ. “ಇದೆಯಪ್ಪಾ, ಋತು ಮಾತ್ರ ಬೇರೆ” ಎಂದೆ. ದೂರವಾಣಿಯಲ್ಲಿ ಅಷ್ಟೇ ಹೇಳಲು ಸಾಧ್ಯವಾಯಿತು. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಾವಳಿ ಹೇಮಾವತಿ ನದಿ ಹುಟ್ಟುವ ಊರು. ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿದೆ. ಇಲ್ಲಿಯ ಚಳಿಗಾಲ ಯಾರನ್ನೂ ಓಡಿಸುವಂಥದ್ದಲ್ಲ. ಮಂಜು ಮುಸುಕಿದ ಬೆಳಗು, ಹತ್ತು ಗಂಟೆಯ ಹೊತ್ತಿಗೆ ಹಿತವಾದ ಬಿಸಿಲು, ಕಣದ ತುಂಬ ಕಾಫಿ. ಮಾರ್ಗಶಿರದಿಂದ ಮಾಘದವರೆಗೆ ಹಣ್ಣು ಕೊಯ್ಲಿನ ಕಾಲವಾದ್ದರಿಂದ ತೋಟವಿದ್ದವನು ಊರು ಬಿಟ್ಟು ಕದಲುವಂತೆಯೂ ಇಲ್ಲ. ಮುದುಕರನ್ನು ಹಣ್ಣುಮಾಡುವುದು ಮಳೆಗಾಲ. ಆರಿದ್ರಾ ಮಳೆ ಹಿಡಿಯಿತೆಂದರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವತನಕ ಬಟ್ಟೆ ಒಣಗುವುದಿಲ್ಲ, ಗೋಡೆಯ ತೇವ ಆರುವುದಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಒಂದು ಮರ ತಂತಿಯ ಮೇಲೆ ಬಿದ್ದರೆ ವಾರಗಟ್ಟಲೆ ವಿದ್ಯುತ್ತಿಲ್ಲ. ತೋಟದ ಮನೆಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್‌ಗಳಲ್ಲೇ ಅಳೆದು ಬರೆದಿಡುತ್ತಾರೆ. ನಮ್ಮ ಮನೆಯ ಅಂಗಳದಲ್ಲೂ ಒಂದು ಮಳೆಮಾಪಕವಿದೆ. ಜುಲೈ ಒಂದೇ ತಿಂಗಳಲ್ಲಿ ಅದು ತೋರಿಸುವ ಅಂಕಿ ಹಿರಿಯೂರು, ಚಳ್ಳಕೆರೆಗಳ ಇಡೀ ವರ್ಷದ ಮಳೆಯನ್ನು ಮೀರಿಸುವುದು ನಮಗೆ ಅಚ್ಚರಿಯ ವಿಷಯವೇ ಅಲ್ಲ.

ಹಿರಿಯೂರಿನ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಅದರ ಸಮೀಪದ ಹಳ್ಳಿ ನನ್ನ ಮನೆಯಾಕೆಯ ತವರು. ಅವಳಿಗೆ ಬಹಳ ವರ್ಷಗಳಿಂದ ಉಬ್ಬಸ. ನಾನು ಕೆಲಸದಲ್ಲಿದ್ದಷ್ಟು ಕಾಲ ಪ್ರತಿ ಮಳೆಗಾಲವನ್ನೂ ಅವಳು ಬಚ್ಚಲೊಲೆಯ ಮುಂದೆ ಕುಳಿತೇ ಕಳೆದಳು. ಹೊಗೆಯಿಂದ ಉಸಿರು ಕಟ್ಟುತ್ತಿತ್ತು, ಒಲೆ ಬಿಟ್ಟು ಎದ್ದರೆ ಶೀತ ಹಿಡಿಯುತ್ತಿತ್ತು. 2019ರಲ್ಲಿ ನಾನು ನಿವೃತ್ತನಾದಾಗ ಇನ್ನು ಮಳೆಗಾಲಕ್ಕೆ ತವರಿಗೆ ಹೋಗಿರೋಣ ಎಂದಳು. ಊರವರು ಏನೆಂದಾರು ಎಂದು ನಾನು ಅನುಮಾನಿಸಿದೆ. “ರೀ, ಮೊದಲು ನನಗೆ ಉಸಿರು ಬೇಕು, ಊರವರ ಮಾತು ಆಮೇಲೆ” ಎಂದಳು. ಆ ವರ್ಷದ ಜೂನ್ ಕೊನೆಯಲ್ಲಿ ಹೊರಟೆವು. ಚಿಕ್ಕಮಗಳೂರು, ಕಡೂರು, ಹೊಸದುರ್ಗದ ದಾರಿಯಾಗಿ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕಡೂರು ದಾಟುವಾಗಲೇ ಕೊಡೆ ಮಡಿಸಿ ಸೀಟಿನ ಕೆಳಗೆ ಇಟ್ಟಾಗಿತ್ತು.

ಅಷ್ಟು ಸಣ್ಣ ದೂರದಲ್ಲಿ ಹವೆ ಅಷ್ಟೊಂದು ಬದಲಾಗುವುದು ಹೇಗೆ? ಅರಬ್ಬೀ ಸಮುದ್ರದಿಂದ ಬರುವ ಗಾಳಿ ಘಟ್ಟವನ್ನು ಏರುವಾಗಲೇ ತನ್ನ ಬಹುಪಾಲು ನೀರನ್ನು ನಮ್ಮ ಮೇಲೆ ಸುರಿದುಬಿಡುತ್ತದೆ. ಚಿತ್ರದುರ್ಗದ ಸೀಮೆಗೆ ತಲುಪುವ ಹೊತ್ತಿಗೆ ಅದು ಬರಿಯ ಗಾಳಿ. ಅದಕ್ಕೇ ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು. ಆ ಕಡೆಯ ಮುಖ್ಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಮಲೆನಾಡು ನೀರಲ್ಲಿ ಮುಳುಗಿರುವ ಜುಲೈ ತಿಂಗಳು ಅಲ್ಲಿ ಒಣಹವೆಯ, ಬೀಸುಗಾಳಿಯ, ಬೇಸಿಗೆಯ ಉರಿಯೂ ಇಲ್ಲದ ಕಾಲ. ಇವಳ ಉಬ್ಬಸಕ್ಕೆ ಅದು ಒದಗಿಬಂತು. ಎಲ್ಲರಿಗೂ ಒದಗೀತೆಂದು ನಾನು ಹೇಳಲಾರೆ. ಬಯಲುಸೀಮೆಯ ಧೂಳು ಕೆಲವರಿಗೆ ಮಳೆಗಿಂತ ಕೆಟ್ಟದ್ದು.

ಋತುವನ್ನು ನೋಡಿ ನೆಲೆ ಬದಲಿಸುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸತಲ್ಲ. ಆದರೆ ಅದನ್ನು ಕ್ರಮಬದ್ಧವಾಗಿ, ಸರ್ಕಾರದ ಖರ್ಚಿನಲ್ಲಿ ಮಾಡಿದ್ದು ಮನುಷ್ಯರಿಗಾಗಿ ಅಲ್ಲ, ದನಗಳಿಗಾಗಿ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ರಾಜರ ಗೋಸಂಪತ್ತು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಆ ದನಗಳಿಗಾಗಿ ಮೈಸೂರು ಸೀಮೆಯಲ್ಲಿ ಕಾದಿರಿಸಿದ ಹುಲ್ಲುಗಾವಲುಗಳೇ ಕಾವಲುಗಳು. ಕಡೂರು, ಅಜ್ಜಂಪುರ, ಚಿತ್ರದುರ್ಗದ ಕಡೆ ಇವತ್ತಿಗೂ ಎಷ್ಟೋ ಜಾಗಗಳ ಹೆಸರಿನ ಕೊನೆಗೆ ‘ಕಾವಲು’ ಎಂಬ ಮಾತು ಅಂಟಿಕೊಂಡಿದೆ. ಇವುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ನೆರಳೂ ಕೆರೆಯಂಗಳದ ಹಸಿಹುಲ್ಲೂ ಸಿಗುವ ಬೇಸಿಗೆಯ ಕಾವಲುಗಳಿಗೆ ಬೆಲೆ ಹೆಚ್ಚು. ಋತು ತಿರುಗಿದಂತೆ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ದಂಡಿನ ಫಿರಂಗಿ ಎಳೆಯುವ ಎತ್ತು ರೋಗ ಬಿದ್ದು ಸತ್ತರೆ ರಾಜ್ಯಕ್ಕೆ ನಷ್ಟ. ಮುದುಕ ಸತ್ತರೆ ಯಾರಿಗೆ ನಷ್ಟ? ಇದನ್ನು ಹೇಳಿದಾಗ ನನ್ನ ಮಾವನವರ ಮನೆಯ ಜಗಲಿಯಲ್ಲಿ ಕೂತಿದ್ದ ಹಿರಿಯರೆಲ್ಲ ನಕ್ಕರು.

ಮನುಷ್ಯರ ಪೈಕಿ ನಮ್ಮಲ್ಲಿ ಆಷಾಢದ ರೂಢಿಯೊಂದು ಇದ್ದೇ ಇತ್ತು. ಹೊಸದಾಗಿ ಮದುವೆಯಾದ ಹುಡುಗಿ ಆ ತಿಂಗಳು ತವರಿಗೆ ಹೋಗುತ್ತಾಳೆ. ಬಯಲುಸೀಮೆಯಿಂದ ಮಲೆನಾಡಿಗೆ ಕೊಟ್ಟ ಹೆಣ್ಣಿಗೆ ಅದು ಮಳೆಯಿಂದಲೂ ಬಿಡುಗಡೆ. ಮೊದಲ ವರ್ಷಕ್ಕೆ ಮುಗಿಯುವ ಆ ರಿಯಾಯಿತಿಯನ್ನು ನನ್ನಾಕೆ ಮೂವತ್ತೈದು ವರ್ಷಗಳ ತರುವಾಯ ಮತ್ತೆ ಪಡೆದಳು, ಈ ಸಲ ಗಂಡನನ್ನೂ ಜೊತೆಗೆ ಕರೆದುಕೊಂಡು.

ಹಿಂದಿನ ಕಾಲದಲ್ಲಿ ಮಲೆನಾಡನ್ನು ಬಿಟ್ಟವರು ಸಾಮಾನ್ಯವಾಗಿ ಮರಳಿ ಬರುವವರಾಗಿರಲಿಲ್ಲ. ಕಾರಣ ಮಲೇರಿಯಾ. ಬಯಲುಸೀಮೆಯ ಗುಮಾಸ್ತನಿಗೆ ಮಲೆನಾಡಿಗೆ ವರ್ಗವಾಯಿತೆಂದರೆ ಮನೆಯಲ್ಲಿ ಅಳು. ಜನಸಂಖ್ಯೆ ಇಳಿಯುತ್ತಿರುವುದನ್ನು ಕಂಡು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಮಲೆನಾಡು ಅಭಿವೃದ್ಧಿಗೆಂದೇ ಯೋಜನೆಯೊಂದನ್ನು ಹಾಕಿಕೊಳ್ಳಬೇಕಾಯಿತು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಆಯ್ದುಕೊಂಡ ಸ್ಥಳಗಳಲ್ಲಿ ನಮ್ಮ ಮೂಡಿಗೆರೆಯೂ ಇತ್ತು, ಹಿರಿಯೂರೂ ಇತ್ತು. ನಮ್ಮಲ್ಲಿ ಬೆಟ್ಟದ ಹಳ್ಳಗಳಲ್ಲಿ ಸೊಳ್ಳೆ ಬೆಳೆದರೆ, ಅಲ್ಲಿ ಮಾರಿಕಣಿವೆ ಅಣೆಕಟ್ಟೆಯ ನಾಲೆ ನೀರು ಹರಿದಲ್ಲಿ ಬೆಳೆಯುತ್ತಿತ್ತು. ಆದ್ದರಿಂದ ಒಣನಾಡೆಲ್ಲ ಆರೋಗ್ಯದ ನಾಡು ಎಂದು ತಿಳಿಯಬೇಕಿಲ್ಲ. ಮಲೆನಾಡಿನ ಜ್ವರ ಹಿಡಿತಕ್ಕೆ ಬಂದದ್ದು ಡಿಡಿಟಿ ಬಂದ ಮೇಲೆ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ.

ಒಣಹವೆಯೇ ಮದ್ದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದ್ದು ಕ್ಷಯರೋಗದ ವಿಚಾರದಲ್ಲಿ. ಔಷಧಿಯೇ ಇಲ್ಲದ ಆ ಕಾಲದಲ್ಲಿ ವೈದ್ಯರು ಹೇಳುತ್ತಿದ್ದುದು ಶುದ್ಧ ಗಾಳಿ, ಬಿಸಿಲು, ವಿಶ್ರಾಂತಿ, ಪುಷ್ಟಿಯ ಆಹಾರ. ನಮ್ಮ ಕೋಲಾರದ ಗಡಿಯಾಚೆ, ರಾಯಲಸೀಮೆಯ ಮದನಪಲ್ಲಿಯ ಬಳಿ 1915ರಲ್ಲಿ ಮಿಷನರಿಗಳ ಕ್ಷಯರೋಗ ಆಸ್ಪತ್ರೆಯೊಂದು ರೋಗಿಗಳಿಗೆ ಬಾಗಿಲು ತೆರೆಯಿತು. ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೋಲರ್ ಅದನ್ನು ಕಟ್ಟಿ ಬೆಳೆಸಿದರು. ಆ ಜಾಗಕ್ಕೆ ‘ಆರೋಗ್ಯವರಂ’ ಎಂದೇ ಹೆಸರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಂಗಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಕಟ್ಟಿಸಿದ ಆಸ್ಪತ್ರೆ 1921ರದು. ಅರಮನೆಯವರನ್ನೂ ಬಿಡದ ಕಾಯಿಲೆ ಅದು. ಅರಿಜೋನಾದ ಚರಿತ್ರೆಯೂ ಇದೇ ದಾರಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಲ್ಲಿಯ ಟೂಸಾನ್, ಫೀನಿಕ್ಸ್ ಪಟ್ಟಣಗಳಿಗೆ ಕ್ಷಯರೋಗಿಗಳು ತಂಡತಂಡವಾಗಿ ಬಂದು, ಹಣವಿದ್ದವರು ಆಸ್ಪತ್ರೆಗಳಲ್ಲಿ, ಇಲ್ಲದವರು ಊರ ಹೊರಗಿನ ಡೇರೆಗಳಲ್ಲಿ ದಿನ ನೂಕಿದರು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ರೋಗಿಗಳು ಕಡಿಮೆಯಾದರು, ಬಿಸಿಲಿನ ಕೀರ್ತಿ ಮಾತ್ರ ಉಳಿಯಿತು. 1960ರ ಜನವರಿ 1ರಂದು ಫೀನಿಕ್ಸ್ ಬಳಿ ಡೆಲ್ ವೆಬ್ ಎಂಬ ಕಟ್ಟಡ ಗುತ್ತಿಗೆದಾರ ನಿವೃತ್ತರಿಗೆಂದೇ ‘ಸನ್ ಸಿಟಿ’ ಎಂಬ ಊರನ್ನು ಮಾರಾಟಕ್ಕೆ ತೆರೆದಾಗ ಮೊದಲ ಮೂರು ದಿನಗಳಲ್ಲೇ ಲಕ್ಷದಷ್ಟು ಜನ ನೋಡಲು ಬಂದರಂತೆ. ರೋಗಿಗಳ ಮರುಭೂಮಿ ನಿವೃತ್ತರ ಮರುಭೂಮಿಯಾದದ್ದು ಹೀಗೆ. ಮಕ್ಕಳಿಲ್ಲದ, ಶಾಲೆಯ ಗಂಟೆ ಕೇಳಿಸದ ಊರಿನಲ್ಲಿ ಮುದುಕರಷ್ಟೇ ಇರುವುದು ಮೇಷ್ಟರಾಗಿದ್ದ ನನಗೆ ರುಚಿಸದ ಮಾತು. ಅದು ಅವರ ಇಷ್ಟ.

ಇನ್ನೊಂದು ತಮಾಷೆಯಿದೆ. ನಾವು ಹವೆಗೆ ಹೆದರಿ ಬಿಟ್ಟು ಹೋಗುವ ಈ ಬೆಟ್ಟಗಳೇ ಶೀತದೇಶದ ದೊರೆಗಳಿಗೆ ಬೆಚ್ಚನೆಯ ಚಳಿಗಾಲದ ತಾಣ. 1850ರ ದಶಕದಲ್ಲಿ ಹುಡುಗನಾಗಿ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್, ಮೈಸೂರು ಕಾಡುಗಳ ಅನುಭವವನ್ನು 1871ರಲ್ಲೂ 1894ರಲ್ಲೂ ಪುಸ್ತಕವಾಗಿ ಬರೆದವನು, ಸ್ಕಾಟ್ಲೆಂಡಿನಲ್ಲಿ ಸ್ವಂತ ಜಮೀನಿದ್ದೂ ಇಲ್ಲಿಯ ನಂಟು ಬಿಡದೆ ಎರಡೂ ಕಡೆ ಓಡಾಡಿಕೊಂಡಿದ್ದ.

ಆದರೆ ಕಾಫಿಯ ನಾಡಿನಲ್ಲಿ ಋತುಮಾನದ ವಲಸೆ ಎಂದರೆ ದೊರೆಗಳದ್ದಾಗಲಿ ನಮ್ಮಂಥವರದ್ದಾಗಲಿ ಅಲ್ಲ, ಆಳುಗಳದ್ದು. ಸುಗ್ಗಿ ಶುರುವಾಗುವ ಹೊತ್ತಿಗೆ ದಕ್ಷಿಣ ಕನ್ನಡದ ಬಡವರು ಚಾರ್ಮಾಡಿ ಘಾಟಿ ಹತ್ತಿ ಇಲ್ಲಿಗೆ ಬರುತ್ತಿದ್ದರು. ‘ಘಟ್ಟಕ್ಕೆ ಹೋಗುವುದು’ ಎಂದರೆ ಅವರಲ್ಲಿ ಕೂಲಿಗೆ ಹೋಗುವುದೆಂದೇ ಅರ್ಥ. ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟು ಕಟ್ಟಿಹಾಕಿರುತ್ತಿದ್ದ. ಮುಂಗಡ ತಿಂದು ಕೆಲಸ ಬಿಟ್ಟ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆದು ಜೈಲಿಗೆ ಕಳಿಸುವುದಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ 1859ರ ಕಾಯಿದೆಯೇ ಇತ್ತು. ಬದುಕಿ ಉಳಿದವರು ಮಳೆಗೆ ಮುಂಚೆ ತಮ್ಮ ಗದ್ದೆ ಕೆಲಸಕ್ಕೆ ಇಳಿದುಹೋಗುವರು. ಜ್ವರ ಹಿಡಿದವರು ಇಲ್ಲಿಯೇ ಮಣ್ಣಾದರು. ಅಂಥವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈಗ ಹಣ್ಣು ಕೊಯ್ಯಲು ಉತ್ತರ ಕರ್ನಾಟಕದಿಂದ, ಚಿತ್ರದುರ್ಗ ದಾವಣಗೆರೆಗಳ ಕಡೆಯಿಂದ, ದೂರದ ಅಸ್ಸಾಮಿನಿಂದಲೂ ಬರುತ್ತಾರೆ. ಬಯಲುಸೀಮೆಯ ಕುಟುಂಬ ಹೊಟ್ಟೆಪಾಡಿಗಾಗಿ ಹತ್ತಿ ಬರುವ ದಾರಿಯಲ್ಲೇ ನಾವು ಪಿಂಚಣಿಯ ಬಲದಿಂದ ಇಳಿದು ಹೋಗುತ್ತೇವೆ. ತೋಟದ ಲೈನ್ ಮನೆಗಳಲ್ಲಿ ಮಳೆಗಾಲವನ್ನೂ ಕಳೆಯುವ ಮುದುಕಿಗೆ ಉಬ್ಬಸವಿದ್ದರೆ ಅವಳು ಎಲ್ಲಿಗೆ ಹೋಗಬೇಕು? ಮೊದಲ ವರ್ಷವೇ ಈ ಪ್ರಶ್ನೆ ನನ್ನನ್ನು ಹಿಡಿಯಿತು.

ಅದಕ್ಕೆ ಕಾರಣ ಆ ವರ್ಷದ ಆಗಸ್ಟ್. ನಾವು ಹಿರಿಯೂರಿನ ಕಡೆ ಬಿಸಿಲಿಗೆ ಹಪ್ಪಳ ಹರವಿಕೊಂಡು ಕುಳಿತಿದ್ದ ವಾರದಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ಗದ್ದೆ, ತೋಟಗಳೆಲ್ಲ ಮಣ್ಣಿನಡಿ ಹೋದವು. ಚಾರ್ಮಾಡಿಯ ರಸ್ತೆ ಕಡಿದುಹೋಯಿತು. ಎರಡು ದಿನ ಜಾವಳಿಯ ಯಾವ ದೂರವಾಣಿಯೂ ಸಿಗಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರ ದನಿ ಕೇಳಿಸಿತು. “ನಿಮ್ಮ ಮನೆ ಹೆಂಚು ಒಂದೂ ಅಲುಗಿಲ್ಲ ಮೇಷ್ಟ್ರೇ, ನೀವು ಅಲ್ಲೇ ಇರಿ” ಎಂದರು. ಅವರಿಗೆ ಎಂಬತ್ತು ವರ್ಷ. ಅವರೂ ಅವರ ಮನೆಯವರೂ ಊರು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಮನೆ ಬಿಟ್ಟರೆ ಮನೆ ಬೀಳುತ್ತದೆ ಎಂಬುದು ಅವರ ವಾದ, ಅದು ಸುಳ್ಳೂ ಅಲ್ಲ. ಒಲೆ ಉರಿಯದ ಮನೆಯ ಮಾಡು ಬೇಗ ಲಡ್ಡಾಗುತ್ತದೆ. ಹಾಗಾಗಿ ಈಗ ಬೀಗದ ಕೈ ಅವರ ಬಳಿಯೇ ಇರುತ್ತದೆ. ವಾರಕ್ಕೆರಡು ಸಲ ನಮ್ಮ ಮನೆಯಲ್ಲಿ ಅವರೇ ಬೆಂಕಿ ಹಾಕಿಸುತ್ತಾರೆ, ಮಳೆಮಾಪಕವನ್ನೂ ನೋಡಿ ಬರೆದಿಡುತ್ತಾರೆ.

2020ರಲ್ಲಿ ಕೊರೊನಾ ಕಾರಣದಿಂದ ಹೋಗಲಾಗಲಿಲ್ಲ. ಆ ಮಳೆಗಾಲ ಇವಳು ಪಟ್ಟ ಪಾಡನ್ನು ನೋಡಿದ ಮೇಲೆ ಊರವರೂ ಮಾತು ನಿಲ್ಲಿಸಿದರು. 2021ರಿಂದ ತಪ್ಪಿಸಿಲ್ಲ.

2022ರಲ್ಲಿ ಮಾತ್ರ ಮಳೆಯೇ ನಮ್ಮನ್ನು ಹುಡುಕಿಕೊಂಡು ಅಲ್ಲಿಗೆ ಬಂತು. ಮಾರಿಕಣಿವೆಯ ವಾಣಿವಿಲಾಸ ಸಾಗರ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಅಣೆಕಟ್ಟೆ. ರೀಜೆಂಟರಾಗಿದ್ದ ಮಹಾರಾಣಿಯವರ ಬಿರುದೇ ಅದರ ಹೆಸರು. ಅದು 1933ರಲ್ಲೊಮ್ಮೆ ಕೋಡಿ ಹರಿದದ್ದನ್ನು ನನ್ನ ಮಾವನವರ ತಂದೆ ನೋಡಿದ್ದರಂತೆ. ಮಾವನವರು ನೋಡಲಿಲ್ಲ. 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್ ಮೊದಲ ವಾರ, ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದರು. ಎಷ್ಟೋ ಹೆಂಗಸರು ಅರಿಶಿನ ಕುಂಕುಮ ಹಾಕಿ ಕಣ್ಣೀರಿಟ್ಟರು. ಮಳೆಯೆಂದರೆ ಸಾಕಾಗಿ ಓಡಿ ಬಂದಿದ್ದ ನಾವಿಬ್ಬರೂ ಅವರ ನಡುವೆ ನಿಂತಿದ್ದೆವು. ಇವಳೂ ಅತ್ತಳು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿ ಹರಿಯಿತು. ಆಗ ನಾವು ಕಾಫಿ ಕಣದಲ್ಲಿದ್ದೆವು.

ಆ ಸಾಗರಕ್ಕೆ ಬರುವ ವೇದಾವತಿ ನಮ್ಮ ಬಾಬಾಬುಡನ್‌ಗಿರಿಯ ಮೂಡಣ ತಪ್ಪಲಿನಲ್ಲಿ ಹುಟ್ಟಿ, ಕಡೂರಿನ ಮೇಲೆ ಹಾಯ್ದು ಹೋಗುವ ಹೊಳೆ. ಅದರ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅಜ್ಜಂಪುರದ ಸುರಂಗದ ಮೂಲಕ ಅಲ್ಲಿಗೆ ಸೇರುತ್ತಿದೆ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಬಳಸಿ ಬರುವ ಭದ್ರೆ ಅದು. ಜುಲೈನಲ್ಲಿ ಪಕ್ಕದ ಮನೆಯವರು ದೂರವಾಣಿಯಲ್ಲಿ “ನಿನ್ನೆ ಆರು ಇಂಚು ಇಪ್ಪತ್ತು ಸೆಂಟ್ಸ್, ಕಳಸದ ಕಡೆ ಇನ್ನೂ ಜಾಸ್ತಿಯಂತೆ” ಎಂದರೆ ನನ್ನ ಮೈದುನ ಕೂತಲ್ಲಿಂದಲೇ ಕೂಗುತ್ತಾನೆ: “ಇನ್ನೂ ಸುರಿಯಲಿ ಅನ್ನಿ ಭಾವ, ನಮ್ಮ ಅಡಕೆಗೆ ಬೇಕು!”