ದುಡಿಮೆಯ ಸೀರೆ

ಸೋಮನಾಥಪುರದ ಕೇಶವ ದೇವಾಲಯಕ್ಕೆ ನಾನು ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆಯೋ ಲೆಕ್ಕವಿಟ್ಟಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಉಪಾಧ್ಯಾಯಿನಿಯಾಗಿದ್ದವಳಿಗೆ ಅದು ವರ್ಷಕ್ಕೊಮ್ಮೆ ತಪ್ಪದ ಯಾತ್ರೆ. ಹದಿಮೂರನೆಯ ಶತಮಾನದಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ್ದು, ಆಗ ಆಳುತ್ತಿದ್ದವನು ಮೂರನೆಯ ನರಸಿಂಹ, ಶಿಲ್ಪಿಗಳಲ್ಲಿ ಮಲ್ಲಿತಮ್ಮನೆಂಬವನು ತನ್ನ ಹೆಸರನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾನೆ ಎಂಬಲ್ಲಿಯವರೆಗೆ ಮಕ್ಕಳು ತಾಳ್ಮೆಯಿಂದ ಕೇಳುತ್ತಿದ್ದರು. ಆಮೇಲೆ ಯಾವಳಾದರೊಬ್ಬ ಹುಡುಗಿ ನಗುವನ್ನು ತಡೆದುಕೊಂಡು ಕೇಳುವಳು: ‘ಆಗಿನ ಹೆಂಗಸರು ಹೀಗೆಯೇ ಉಡುತ್ತಿದ್ದರೇ, ಮೇಡಂ?’

ಮೊದಮೊದಲು ನಾನು ಹೌದೆಂದೇ ಹೇಳಿಬಿಡುತ್ತಿದ್ದೆ. ಹಲವು ವರ್ಷ ನೋಡಿದ ಮೇಲೆ ಹಾಗೆ ಹೇಳುವ ಧೈರ್ಯ ಉಳಿಯಲಿಲ್ಲ. ಹೊಯ್ಸಳ ಶಿಲ್ಪಿಗೆ ಒಡವೆಯ ಮೇಲಿದ್ದ ಪ್ರೀತಿ ಬಟ್ಟೆಯ ಮೇಲಿರಲಿಲ್ಲ. ಹಾರ, ಕಂಠಿ, ತೋಳಬಂದಿ, ಒಡ್ಯಾಣ, ಕಾಲಂದುಗೆ ಇವುಗಳನ್ನು ಮಣಿಮಣಿಯಾಗಿ ಎಣಿಸಬಹುದು. ಬಟ್ಟೆಯೋ ತೊಡೆಯ ಮೇಲೆ ಹಾಯ್ದ ನಾಲ್ಕು ಗೆರೆಗಳಲ್ಲಿ ಮುಗಿದುಹೋಗುತ್ತದೆ. ಅಲ್ಲದೆ ಆ ಗೋಡೆಯ ಮೇಲೆ ನಿಂತಿರುವವರು ಲಕ್ಷ್ಮಿ, ಸರಸ್ವತಿ, ಮಹಿಷಮರ್ದಿನಿ. ಊರ ಹೆಣ್ಣುಮಗಳು ಗದ್ದೆಗೆ ಇಳಿಯುವಾಗ ಏನನ್ನು ಉಟ್ಟಿದ್ದಳೆಂಬುದಕ್ಕೆ ದೇವತೆಗಳ ಸಾಕ್ಷ್ಯವನ್ನು ಹೇಗೆ ನಂಬುವುದು? ರವಿಕೆಯೆಂಬುದು ಇಂಗ್ಲಿಷರೊಡನೆ ಬಂದಿತೆಂದು ವಾದಿಸುವ ಪಂಡಿತರೂ ಇದ್ದಾರೆ. ಅಮರಕೋಶದಲ್ಲಿಯೇ ‘ಕೂರ್ಪಾಸಕ’ವಿದೆ, ಅದರ ತದ್ಭವವಾದ ‘ಕುಪ್ಪಸ’ ಕನ್ನಡಕ್ಕೆ ಬಂದು ಶತಮಾನಗಳೇ ಕಳೆದಿವೆ. ವಸ್ತುವಿಲ್ಲದೆ ಹೆಸರು ಹುಟ್ಟುವುದಿಲ್ಲ. ಯಾರು ತೊಡಬಹುದಿತ್ತು, ಯಾರು ತೊಡಬಾರದಾಗಿತ್ತು ಎಂಬುದು ಬೇರೆಯ ಮಾತು.

ನಾನು ಕಣ್ಣಾರೆ ಕಂಡ ಇತಿಹಾಸ ನಂಜನಗೂಡಿನ ನಮ್ಮ ಮನೆಯ ಹಿತ್ತಿಲಿನಿಂದ ಆರಂಭವಾಗುತ್ತದೆ. ನಮ್ಮ ಅಜ್ಜಿ ಉಡುತ್ತಿದ್ದುದು ಹದಿನೆಂಟು ಮೊಳದ ಸೀರೆ, ಅಂದರೆ ಒಂಬತ್ತು ಗಜ. ಅದನ್ನು ಕಚ್ಚೆ ಹಾಕಿ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಕಪಿಲೆಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವುದಕ್ಕಾಗಲಿ, ಬಾವಿಯ ಕಲ್ಲಿನ ಮೇಲೆ ಕುಳಿತು ಬಟ್ಟೆ ಸೆಣೆಯುವುದಕ್ಕಾಗಲಿ ಯಾವ ಅಡ್ಡಿಯೂ ಇರಲಿಲ್ಲ. ಒಳಲಂಗವೆಂಬುದನ್ನು ಆಕೆ ಅರಿಯಳು. ಸುತ್ತಲ ಹಳ್ಳಿಗಳಿಂದ ಹಾಲು, ಸೊಪ್ಪು ತರುತ್ತಿದ್ದ ಒಕ್ಕಲಗಿತ್ತಿಯರ ಉಡುಗೆಯಲ್ಲಿ ಕಚ್ಚೆಯಿರಲಿಲ್ಲ. ಅವರು ಸೀರೆಯನ್ನು ಮೊಣಕಾಲಿನ ಕೆಳಕ್ಕೆ ಎತ್ತಿ ಕಟ್ಟಿ, ಸೆರಗನ್ನು ಹೆಗಲ ಬಳಿ ಗಂಟಿಕ್ಕಿರುತ್ತಿದ್ದರು. ಎರಡೂ ದುಡಿಯುವ ಕೈಗಳನ್ನು ಬಿಡುವಾಗಿ ಇಡುವ ಉಪಾಯಗಳೇ. ಸೀರೆಯೆಂದರೆ ಹೊಲಿಗೆಯಿಲ್ಲದ ಬಟ್ಟೆ. ಅದರ ಆಕಾರವನ್ನು ನಿರ್ಧರಿಸುವುದು ದರ್ಜಿಯಲ್ಲ, ಉಡುವವಳ ಕೆಲಸ.

ಅದೇ ಅಗ್ರಹಾರದಲ್ಲಿ ಇನ್ನೊಂದು ಉಡುಗೆಯೂ ಇತ್ತು. ಕೆಲವು ಮನೆಗಳಲ್ಲಿ ಕೆಂಪು, ಕೆಲವು ಮನೆಗಳಲ್ಲಿ ಬಿಳಿ. ಅಂಚಿಲ್ಲ, ಕುಪ್ಪಸವಿಲ್ಲ, ಹೂವಿಲ್ಲ. ಗಂಡ ಸತ್ತ ದಿನ ಮೈಮೇಲೆ ಬಂದು ಚಿತೆಯವರೆಗೂ ಬಿಡದ ಸೀರೆ ಅದು. ಹುಡುಗಿ ಹತ್ತು ಹನ್ನೆರಡು ವರ್ಷದವಳೆಂಬ ವಿನಾಯಿತಿಯೂ ಇರಲಿಲ್ಲ. ಅಂಥ ಕಾಲದಲ್ಲಿ, ಅದೇ ನಂಜನಗೂಡಿನಲ್ಲಿ, ಬಾಲ್ಯದಲ್ಲಿಯೇ ವಿಧವೆಯಾದ ತಿರುಮಲಾಂಬ ಅವರು 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1917ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಎಲ್ಲವೂ ಅವರೇ. 1887ರಲ್ಲಿ ಹುಟ್ಟಿ 1982ರವರೆಗೆ ಬಾಳಿದ ಅವರನ್ನು ನಮ್ಮ ಸಾಹಿತ್ಯಲೋಕ ನೆನಪಿಸಿಕೊಂಡದ್ದು ತಡವಾಗಿ. ಉದ್ಯೋಗಸ್ಥ ಮಹಿಳೆ ಎಂಬ ಮಾತು ಇನ್ನೂ ಕನ್ನಡದಲ್ಲಿ ಹುಟ್ಟದಿದ್ದಾಗ ನಮ್ಮೂರಿನಲ್ಲಿ ಅಂಥವರೊಬ್ಬರಿದ್ದರು. ಮೈಮೇಲಿನ ಬಟ್ಟೆಯಿಂದಲೇ ಹೆಣ್ಣಿನ ಬಾಳು ಮುಗಿಯಿತೆಂದು ಸಾರುತ್ತಿದ್ದ ಸಮಾಜದ ನಡುವೆ ಅವರು ಪತ್ರಿಕೆಯ ಕರಡು ತಿದ್ದುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅಜ್ಜಿಯ ಹದಿನೆಂಟು ಮೊಳ ಅಮ್ಮನ ಕಾಲಕ್ಕೆ ಹನ್ನೆರಡು ಮೊಳವಾಯಿತು. ಇದಕ್ಕೆ ಕಾರಣಗಳು ಹಲವು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಒಂದು. ಮುಂಬಯಿಯಲ್ಲಿ 1894ರಲ್ಲಿ ಮುದ್ರಣಾಲಯ ತೆರೆದ ರವಿವರ್ಮನ ಬಣ್ಣದ ಪಟಗಳು ಇನ್ನೊಂದು. ಮನೆಮನೆಯ ಗೋಡೆಯ ಮೇಲೆ ನೆರಿಗೆಯ ಸೀರೆಯುಟ್ಟು ನಿಂತ ಲಕ್ಷ್ಮಿ ಸರಸ್ವತಿಯರು ಉಡುವ ರೀತಿಯನ್ನು ಮೆಲ್ಲಗೆ ಕಲಿಸಿಬಿಟ್ಟರು. ಬುಗ್ಗೆ ತೋಳಿನ ರವಿಕೆ ಬಂತು, ಹೋಯಿತು, ಮತ್ತೆ ಬಂತು. ನನ್ನ ಮಟ್ಟಿಗೆ ಮುಖ್ಯವಾದದ್ದು ರೈಲು.

ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅಮ್ಮ ಮೈಸೂರಿನ ಶಾಲೆಯೊಂದಕ್ಕೆ ಪ್ರತಿ ಬೆಳಿಗ್ಗೆ ಆ ಮೀಟರ್ ಗೇಜ್ ಗಾಡಿಯಲ್ಲಿಯೇ ಹೋಗಿಬರುತ್ತಿದ್ದಳು. ಉಪಾಧ್ಯಾಯಿನಿಯರು, ದಾದಿಯರು, ಕಚೇರಿಯ ಗುಮಾಸ್ತೆಯರು ಹೀಗೆ ಹತ್ತು ಹನ್ನೆರಡು ಮಂದಿ ಒಂದೇ ಡಬ್ಬಿಯಲ್ಲಿ ಸೇರುತ್ತಿದ್ದರು. ಕೈಗಡಿಯಾರ, ಕೊಡೆ, ಊಟದ ಡಬ್ಬಿ, ಹೆಗಲಿಗೆ ಪಿನ್ನು ಚುಚ್ಚಿದ ಸೆರಗು, ಇದು ಅವರ ಸಮವಸ್ತ್ರ. ಕಚ್ಚೆ ಹಾಕಿದ ಅಜ್ಜಿ ಗಾಡಿಯ ಎತ್ತರದ ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತಿಬಿಡುವಳು. ನೆರಿಗೆ ಇಳಿಬಿಟ್ಟ ಅಮ್ಮ ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಕಂಬಿ ಹಿಡಿಯಬೇಕು, ಮೂರನೆಯ ಕೈ ಬೇಕಿತ್ತು ಚೀಲಕ್ಕೆ. ಮರ್ಯಾದೆಯ ಉಡುಗೆಯೆಂದು ಹೊಸದಾಗಿ ಬಂದದ್ದು ಹಳೆಯದಕ್ಕಿಂತ ಅನುಕೂಲವಾಗಿತ್ತೆಂದು ನಾನು ಹೇಳಲಾರೆ.

ಅವರನ್ನು ಉಳಿಸಿದ್ದು ನೈಲಾನ್. ರಸಿಕರು ಮೂಗು ಮುರಿಯಬಹುದು. ಹತ್ತಿ ಸೀರೆಗೆ ಗಂಜಿ ಬೇಕು, ಇಸ್ತ್ರಿ ಬೇಕು, ಮಳೆಗಾಲದಲ್ಲಿ ಎರಡು ದಿನ ಬಿಸಿಲಿಗೆ ಕಾಯಬೇಕು. ನೈಲಾನನ್ನೋ ನೈಲೆಕ್ಸನ್ನೋ ರಾತ್ರಿ ಒಗೆದು ಹರವಿದರೆ ಬೆಳಗಿನ ಗಾಡಿಗೆ ಸಿದ್ಧ. ಬೇಸಿಗೆಯಲ್ಲಿ ಮೈ ಬೇಯುತ್ತಿತ್ತು, ಒಲೆಯ ಕಿಡಿ ತಾಗಿದರೆ ಅಪಾಯವಿತ್ತು. ಆದರೂ ಎರಡು ಸೀರೆಗಳಲ್ಲಿ ಅಮ್ಮ ಒಂದು ವರ್ಷದ ನೌಕರಿ ಮಾಡಿದಳು. ಅಜ್ಜಿ ಹೋದ ಮೇಲೆ ಆಕೆಯ ಹದಿನೆಂಟು ಮೊಳವನ್ನು ಅಮ್ಮ ಕತ್ತರಿಸಿದಳು. ಹನ್ನೆರಡು ಮೊಳ ಸೆರಗಿನ ಸಮೇತ ತನಗೆ, ಉಳಿದ ಆರು ಮೊಳ ನನಗೆ ದಾವಣಿಗೆ.

ಈಗ ಒಂದು ತಪ್ಪೊಪ್ಪಿಗೆ. ತೊಂಬತ್ತರ ದಶಕದಲ್ಲಿ ನಾನಿದ್ದ ಶಾಲೆಗೆ ಹೊಸದಾಗಿ ಬಂದ ತರುಣಿಯೊಬ್ಬಳು ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದಳು. ಚಕ್ರಕ್ಕೆ ಸೆರಗು ಸಿಕ್ಕೀತೆಂದು ಚೂಡಿದಾರ ತೊಟ್ಟಳು. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕವನ್ನು ಮುಚ್ಚಿಟ್ಟರು. ಸೀರೆಯೇ ನಮ್ಮ ಸಂಸ್ಕೃತಿಯೆಂದು ಅರ್ಧ ಗಂಟೆ ಉಪನ್ಯಾಸವಾಯಿತು. ಮುಂದೆ ತಿಂಗಳುಗಟ್ಟಲೆ ಆಕೆ ಚೀಲದಲ್ಲಿ ಸೀರೆ ತಂದು, ಚೂಡಿದಾರದ ಮೇಲೆಯೇ ಸುತ್ತಿಕೊಂಡು ತರಗತಿಗೆ ಹೋಗುತ್ತಿದ್ದಳು. ಹಿರಿಯರಾದ ನಾವು ಮೂವರು ಆ ಕೊಠಡಿಯಲ್ಲಿಯೇ ಇದ್ದೆವು. ಕಚ್ಚೆಯ ಅಜ್ಜಿಯನ್ನೂ ನೆರಿಗೆಯ ಅಮ್ಮನನ್ನೂ ಕಂಡಿದ್ದ ನಾನು, ಸಂಸ್ಕೃತಿ ಮೂರು ತಲೆಮಾರಿನಲ್ಲಿ ಎರಡು ಸಲ ಉಡುಗೆ ಬದಲಿಸಿದೆಯೆಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ.

ಮೈಸೂರು ರೇಷ್ಮೆಯ ಹೆಸರಿಲ್ಲದೆ ನಮ್ಮ ಕಡೆಯ ಸೀರೆಯ ಮಾತು ಪೂರ್ಣವಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದೆ. ಆ ಮಗ್ಗಗಳಿಗೆ ನೂಲು ಬಿಚ್ಚಿಕೊಡುವ ಫಿಲೇಚರ್ ಇರುವುದು ನಮ್ಮ ನರಸೀಪುರದಲ್ಲಿ. ನಂಜನಗೂಡಿನಲ್ಲಿ ಅಜ್ಜಿ ಕೊಡ ತುಂಬುತ್ತಿದ್ದ ಕಪಿಲೆ ಕಾವೇರಿಯನ್ನು ಸೇರುವುದೂ ಈ ಊರಿನಲ್ಲಿಯೇ. ಮಧುವಣಗಿತ್ತಿಯ ಸೀರೆಯನ್ನು ಎಲ್ಲರೂ ಹೊಗಳುತ್ತಾರೆ. ಅದರ ಮೊದಲ ಎಳೆ ಹಿಡಿದವಳ ಸೀರೆಯನ್ನು ನೋಡಿದವರು ಕಡಿಮೆ.

ಎಂಬತ್ತರ ದಶಕದಲ್ಲಿ ಒಮ್ಮೆ ಮಕ್ಕಳೊಡನೆ ಅದನ್ನು ನೋಡಲು ಹೋಗಿದ್ದೆ. ಬೆಂದ ಹುಳುವಿನ ವಾಸನೆ, ಹಬೆ, ಸಾಲುಸಾಲಾಗಿ ಬಿಸಿನೀರಿನ ತೊಟ್ಟಿಗಳು. ಗೂಡಿನ ಅಂಟು ಕರಗಬೇಕಾದರೆ ನೀರು ಬಿಸಿಯಾಗಿಯೇ ಇರಬೇಕು, ಎಳೆಯ ತುದಿ ಸಿಗಬೇಕಾದರೆ ಬೆರಳು ನೀರಿನಲ್ಲಿಯೇ ಆಡಬೇಕು. ಒಳ್ಳೆಯ ಗೂಡೊಂದರಿಂದ ಸಾವಿರ ಮೀಟರಿನಷ್ಟು ಎಳೆ ಬರುತ್ತದೆ. ಅಲ್ಲಿದ್ದ ಹೆಂಗಸರು ಸೀರೆಯನ್ನು ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಒಬ್ಬಿಬ್ಬರು ಮೇಲೆ ಗಂಡನ ಹಳೆಯ ಷರಟನ್ನು ತೊಟ್ಟಿದ್ದರು. ಕಬ್ಬಿನ ಗದ್ದೆಯಲ್ಲಿ ಸೋಗೆ ತೋಳನ್ನು ಕೊಯ್ಯದಿರಲೆಂದು ನಮ್ಮ ಕಡೆಯ ಹೆಂಗಸರು ತೊಡುವುದೂ ಅದೇ ಷರಟನ್ನೇ. ಯಾವ ಶಿಲ್ಪಿಯೂ ಕೆತ್ತದ, ಯಾವ ಪಟದಲ್ಲಿಯೂ ಬಾರದ ಉಡುಗೆ.

ನನ್ನ ಎದುರಿಗಿದ್ದಾಕೆಯ ಬೆರಳ ತುದಿಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಈ ನೂಲಿನ ಸೀರೆಯನ್ನು ಉಟ್ಟಿದ್ದೀಯಾ ಎಂದು ನಾನು ಕೇಳಿದೆ, ಕೇಳಬಾರದಿತ್ತು. ಆಕೆ ಅದಕ್ಕೆ ಉತ್ತರ ಹೇಳಲಿಲ್ಲ. ಕೈಯನ್ನು ಷರಟಿಗೆ ಒರೆಸಿಕೊಂಡು, ನಾನು ಉಟ್ಟಿದ್ದ ನೈಲೆಕ್ಸಿನ ಸೆರಗನ್ನು ಎರಡು ಬೆರಳುಗಳಲ್ಲಿ ಹಿಡಿದು ನೋಡಿ, ‘ಇದು ರಾತ್ರಿ ಒಗೆದರೆ ಬೆಳಗಾಗುವುದರೊಳಗೆ ಒಣಗುತ್ತದಾ, ಅಮ್ಮಾ?’ ಎಂದು ಕೇಳಿದಳು.